ರಷ್ಯಾ ಕ್ರಾಂತಿಕಾಲದ ಕಲೆಗೆ ಕೆಂಪು ಗೋಡೆ ಬೇಕೇ?

ಮ್ಯೂಸಿಯಂ ಒಂದಕ್ಕೆ ರಷ್ಯಾ ಕ್ರಾಂತಿಕಾಲದ ಅವಾಂಗಾರ್ಡ್ (ಹಳೇ ರೂಢಿ ಮುರಿದ, ಪ್ರಯೋಗದ) ಕಲೆಯ ಪ್ರದರ್ಶನ ವಿನ್ಯಾಸ ಮಾಡಬೇಕಿದೆ, ಗೋಡೆಗೆ ಕೆಂಪು ಬಳಿಸಲೋ ಬಿಳಿ ಬಿಡಲೋ ಎಂದು ಕೇಳಿದ್ದೀರಿ. ನಾನೂ ಇದೇ ಕೆಲಸದವನು. ಬಣ್ಣದ ಡಬ್ಬ ಆಮೇಲೆ ತೆಗೆಯಿರಿ, ಮೊದಲು ಒಂದು ಹಳೇ ಫೋಟೊ ಹುಡುಕಿ ನೋಡಿ.

1915ರ ಡಿಸೆಂಬರ್, ಪೆಟ್ರೊಗ್ರಾಡ್ (ಈಗಿನ ಸೇಂಟ್ ಪೀಟರ್ಸ್‌ಬರ್ಗ್), ‘0,10’ ಎಂಬ ಹೆಸರಿನ ಕಲಾ ಪ್ರದರ್ಶನ. (ಅಕ್ಟೋಬರ್ ಕ್ರಾಂತಿಗೆ ಇನ್ನೂ ಸುಮಾರು ಎರಡು ವರ್ಷವಿತ್ತು, ಕಥೆಯನ್ನು 1917ರಿಂದ ಶುರುಮಾಡಬೇಡಿ.) ಚಿತ್ರಕಾರ ಮಾಲೆವಿಚ್‌ನ ಚಿತ್ರಗಳು ಸಾಲಾಗಿ ನಿಂತಿಲ್ಲ, ಗೋಡೆತುಂಬ ಮೇಲೆ ಕೆಳಗೆ ಚೆಲ್ಲಿಕೊಂಡಿವೆ. ಬಿಳಿ ಹಿನ್ನೆಲೆಯಲ್ಲಿ ಬರೀ ಒಂದು ಕಪ್ಪು ಚೌಕವಿರುವ ‘ಕಪ್ಪು ಚೌಕ’ ಚಿತ್ರವಂತೂ ಚಾವಣಿಯ ಹತ್ತಿರ, ಎರಡು ಗೋಡೆ ಕೂಡುವ ಮೂಲೆಗೆ ಅಡ್ಡಲಾಗಿ ಕೂತಿದೆ. ರಷ್ಯನ್ನರು ಮನೆಯಲ್ಲಿ ಐಕಾನ್ (ಪೂಜೆಯ ಸಂತರ ಚಿತ್ರ) ಇಡುತ್ತಿದ್ದ ಜಾಗ ಅದು, ಅವರ ದೇವರ ಮೂಲೆ. ಸುಮಾರು 80 ಸೆಂ.ಮೀ. ಅಗಲದ ಆ ಚೌಕವನ್ನು ಕಣ್ಣಿನ ಎತ್ತರಕ್ಕೆ ಇಳಿಸಿ ನೋಡಿ, ಅದರ ಅರ್ಧ ಪೊಗರು ಹೋಗಿರುತ್ತದೆ. ಅದೇ ಪ್ರದರ್ಶನದಲ್ಲಿ ಟಾಟ್ಲಿನ್ ಎಂಬ ಕಲಾವಿದ, ಮೂಲೆಯಲ್ಲಿ ಗೋಡೆಯಿಂದ ಹೊರಚಾಚುವ ಲೋಹ, ತಂತಿಗಳ ಮೂಲೆ-ರಿಲೀಫ್‌ಗಳನ್ನು ಇಟ್ಟಿದ್ದ. ಅವಕ್ಕೂ ನಿಜವಾದ ಮೂಲೆಯೇ ಬೇಕು, ಚಪ್ಪಟೆ ಪ್ಯಾನೆಲ್ ಮೇಲೆ ಸತ್ತೇ ಹೋಗುತ್ತವೆ. ಮೂಲ ಕೃತಿಯ ಬದಲು ಮರುಸೃಷ್ಟಿ ಇಡುವುದಾದರೆ ಲೇಬಲ್‌ನಲ್ಲಿ ದಪ್ಪಕ್ಷರದಲ್ಲಿ ಹಾಗೆಂದೇ ಬರೆಯಿರಿ. ಈ ಕಾಲದ ಕಲೆಯಲ್ಲಿ ನಕಲಿಗಳ ಹಾವಳಿ ವಿಪರೀತ, ಎರವಲು ತರುವ ಪ್ರತಿ ಕೃತಿಯೂ ಯಾರ ಕೈಯಿಂದ ಯಾರ ಕೈಗೆ ಬಂತೆಂಬ ಕಾಗದ ಕೇಳಿ.

ಇನ್ನೊಬ್ಬ ಗುರು ರಷ್ಯಾದ ಕಲಾವಿದ, ವಿನ್ಯಾಸಕಾರ ಲಿಸಿಟ್ಸ್ಕಿ. ಜರ್ಮನಿಯ ಹ್ಯಾನೋವರ್‌ನಲ್ಲಿ 1927–28ರ ಹೊತ್ತಿಗೆ ಅವನು ಮಾಡಿದ ಕೋಣೆಯ ಗೋಡೆಗೆ ಬದಿಗೊಂದು ಬಣ್ಣದ ತೆಳು ಪಟ್ಟಿಗಳನ್ನು ಕೂರಿಸಿದ್ದ. ನಡೆಯುತ್ತಾ ಹೋದಂತೆ ಅದೇ ಗೋಡೆ ಬಿಳಿ, ಬೂದು, ಕಪ್ಪು ಆಗುತ್ತಿತ್ತು. ನೋಡುಗ ಸುಮ್ಮನೆ ನಿಲ್ಲಬಾರದು ಎಂಬುದು ಅವನ ಹಟ. 1937ರಲ್ಲಿ ನಾಜಿಗಳು ಅದನ್ನು ಕೆಡವಿಸಿದರು. ಆ ಗೋಡೆಯನ್ನೇ ಕಾಪಿ ಹೊಡೆಯಬೇಡಿ, ಹಟವನ್ನಷ್ಟೇ ತೆಗೆದುಕೊಳ್ಳಿ.

ಕೆಂಪಿನ ಮಾತು. ಒಮ್ಮೆ ನಾನೇ ಪೋಸ್ಟರ್ ಪ್ರದರ್ಶನಕ್ಕೆ ಗೋಡೆಯೆಲ್ಲ ಕೆಂಪು ಬಳಿಸಿ ಕೆಟ್ಟೆ. ಹಳೇ ಕಾಗದಕ್ಕೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬಿಡುವಂತಿಲ್ಲ. ಆ ಮಬ್ಬಿನಲ್ಲಿ ಗೋಡೆ ಹಸಿಮಾಂಸದಂತೆ ಕಂಡಿತು, ಪೋಸ್ಟರ್‌ನ ಕೆಂಪು ಇಟ್ಟಿಗೆ ಪುಡಿಯಂತಾಯಿತು. ಈಗ ಕಾಗದದ ಕೃತಿಗಳಿಗೆ ತಿಳಿಬೂದು ಗೋಡೆಯ ಬೇರೆ ಕೋಣೆ ಕೊಡುತ್ತೇನೆ, ಕಣ್ಣು ಹೊಂದಿಕೊಳ್ಳಲು ಅದರ ಮುಂದೊಂದು ಮಬ್ಬು ಹಾದಿ.

ನಿಮ್ಮ ಹಾಲ್‌ನ ಅಳತೆ, ಚಾವಣಿಯ ಎತ್ತರ ಬರೆಯಿರಿ. ಮೂಲೆಗಳು ಎಷ್ಟಿವೆ ಅನ್ನುವುದನ್ನೂ ಎಣಿಸಿ ಹೇಳಿ.