ಕೀರಲುವ ಸ್ಪೂಲನ್ನು ಇನ್ನೊಮ್ಮೆ ಓಡಿಸಬೇಡಿ

ಚಿಂತಾಮಣಿಯಿಂದ ಬರೆದಿರುವ ಮಿತ್ರರೇ, ಮುಚ್ಚಿಹೋದ ಸ್ಟುಡಿಯೊವೊಂದರಿಂದ ರೆವಾಕ್ಸ್ ಪಿಆರ್99 ಎಂಬ ಹಳೆಯ ಸ್ಪೂಲ್ ಟೇಪ್ ರೆಕಾರ್ಡರ್ ತಂದು, ನೇರವಾಗಿ ಪ್ಲಗ್ಗಿಗೆ ಹಾಕಿ, ನಿಮ್ಮ ತಂದೆಯವರು ಎಂಬತ್ತರ ದಶಕದಲ್ಲಿ ಹಾಡಿದ ತತ್ವಪದಗಳ ಸ್ಪೂಲನ್ನು ಓಡಿಸಿದಾಗ ಕೀರಲು ಸದ್ದು ಬರುತ್ತಿದೆ, ಟೇಪನ್ನು ಒತ್ತಿ ಎಳೆಯುವ ರಬ್ಬರ್ ಉರುಳೆಗೆ, ಅಂದರೆ ಪಿಂಚ್ ರೋಲರಿಗೆ, ಎಣ್ಣೆ ಬಿಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ನೀವು ಹಾಕಿರುವ ಚಿತ್ರದಲ್ಲಿ ಡಬ್ಬಿಯ ಮೇಲೆ ಆಂಪೆಕ್ಸ್ 406 ಎಂದಿದೆ, ಟೇಪಿನ ಹಿಂಬದಿ ಮಂಕು ಕಪ್ಪಾಗಿದೆ. ಕೀರಲುತ್ತಿರುವುದು ಆ ಟೇಪು.

ಇದೇ ತಪ್ಪನ್ನು ನಾನು ಕೋಲಾರದ ನಮ್ಮ ಮನೆಯಲ್ಲಿ ಮಾಡಿದ್ದೇನೆ. ನಮ್ಮ ದೊಡ್ಡಪ್ಪನವರ ಹರಿಕಥೆಯ ಒಂದೇ ಒಂದು ಸ್ಪೂಲು ಉಳಿದಿತ್ತು. ಸದ್ದು ಬಂದಾಗ ರೋಲರ್ ಒಣಗಿದೆಯೆಂದು ತಿಳಿದು, ಟೇಪಿಗೆ ದಾರಿ ತೋರುವ ಗೈಡುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಸವರಿ ಮತ್ತೆ ಓಡಿಸಿದೆ. ಧ್ವನಿಯನ್ನು ಓದುವ ಹೆಡ್ಡುಗಳ ಮೇಲೆ ಕಂದು ಬಣ್ಣದ ಅಂಟು ಕಟ್ಟಿಕೊಂಡಿತು, ಧ್ವನಿ ಮಂಕಾಯಿತು, ಒರೆಸಿ ಮತ್ತೆ ಓಡಿಸಿದೆ. ಆ ಕಂದು ಅಂಟೇ ಧ್ವನಿ ಅಚ್ಚಾಗಿದ್ದ ಲೇಪ ಎಂಬುದು ಹೊಳೆಯುವ ಹೊತ್ತಿಗೆ ಪೀಠಿಕೆಯ ಭಾಗದ ಸುಮಾರು ಹನ್ನೆರಡು ನಿಮಿಷ ಹೋಗಿತ್ತು. ಅದನ್ನು ಈಗ ಯಾರೂ ಮರಳಿ ತರಲಾರರು.

ಆ ಕಾಲದ ಹಲವು ಟೇಪುಗಳಲ್ಲಿ, ವಿಶೇಷವಾಗಿ ಆಂಪೆಕ್ಸ್ 406 ಮತ್ತು 456ರಲ್ಲಿ, ಧ್ವನಿ ಅಚ್ಚಾಗುವ ಆಕ್ಸೈಡ್ ಪುಡಿಯನ್ನು ಹಿಡಿದಿಡುವ ಪಾಲಿಯುರೆಥೇನ್ ಅಂಟು ಗಾಳಿಯ ತೇವದಿಂದ ವರ್ಷಗಳ ಕಾಲದಲ್ಲಿ ಒಡೆದು ಜಿಗುಟಾಗುತ್ತದೆ. ನಮ್ಮದು ಒಣಸೀಮೆ, ಇಲ್ಲಿ ಹಾಗಾಗದು ಎಂದು ನಂಬಬೇಡಿ; ಮೂವತ್ತು ನಲವತ್ತು ಮಳೆಗಾಲಗಳು ಸಾಕು. ಇದಕ್ಕೆ ಹದವಾದ ಕಾವಿನಲ್ಲಿ ಒಣಗಿಸುವುದೇ ಮದ್ದು, ಆಂಪೆಕ್ಸ್ ಕಂಪನಿಯೇ ಈ ವಿಧಾನಕ್ಕೆ ಪೇಟೆಂಟ್ ಪಡೆದಿತ್ತು. ಶ್ರೀನಿವಾಸಪುರದಲ್ಲಿ ಮಾವಿನ ಹೋಳು ಒಣಗಿಸುವ ಗೆಳೆಯರೊಬ್ಬರಿಂದ ನಾನು ಡೀಹೈಡ್ರೇಟರ್ ತಂದುಕೊಂಡೆ. ಕಾಲಿಂಚು ಅಗಲದ ಟೇಪಿಗೆ ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆ, ನಡುವೆ ಒಮ್ಮೆ ಮಗುಚಿ ಹಾಕಬೇಕು, ಬಳಿಕ ಅಷ್ಟೇ ಹೊತ್ತು ತಾನಾಗಿ ಆರಲು ಬಿಡಬೇಕು. ಯಂತ್ರದ ತಿರುಗುಗುಂಡಿಯ ಅಂಕಿಯನ್ನು ನಂಬದೆ ಒಳಗೊಂದು ಬೇರೆ ಥರ್ಮಾಮೀಟರ್ ಇಡಿ. ನನ್ನದು 50 ತೋರಿಸುವಾಗ ಒಳಗೆ 61 ಇತ್ತು. ಅಡುಗೆಮನೆಯ ಓವನ್ ಬೇಡವೇ ಬೇಡ. ಮಾಳಿಗೆಯ ಬಿಸಿಲಿಗೆ ಇಡಿ, ಹೇರ್ ಡ್ರೈಯರ್ ಹಿಡಿಯಿರಿ ಎಂದು ನಿಮ್ಮ ಪ್ರಶ್ನೆಗೆ ಉತ್ತರವಾಗಿ ಇಲ್ಲಿ ಇಬ್ಬರು ಬರೆದಿದ್ದಾರೆ. ಇನ್ನೊಬ್ಬರ ತಂದೆಯ ಧ್ವನಿಯ ಮೇಲೆ ಇಂಥ ಪ್ರಯೋಗ ಸೂಚಿಸುವ ಮುನ್ನ ಅವರು ಯೋಚಿಸಬೇಕಿತ್ತು.

ಆದರೆ ಎಲ್ಲ ಟೇಪಿಗೂ ಇದು ಸಲ್ಲದು. ಸ್ಪೂಲನ್ನು ಬೆಳಕಿಗೆ ಹಿಡಿದಾಗ ಸುತ್ತುಗಳ ಮೂಲಕ ಬೆಳಕು ಹಾಯ್ದರೆ ಅದು ಹಳೆಯ ಅಸಿಟೇಟ್ ಟೇಪು, ಅದನ್ನು ಎಂದಿಗೂ ಕಾಯಿಸಬಾರದು. ಒಣಗಿಸಿದ ಗುಣವೂ ಶಾಶ್ವತವಲ್ಲ. ಕೆಲವು ವಾರಗಳಲ್ಲಿ ಜಿಗುಟು ಮರಳುತ್ತದೆ. ಆದ್ದರಿಂದ ಯಂತ್ರ ಸಂಪೂರ್ಣ ಸಿದ್ಧವಾಗುವವರೆಗೆ ಟೇಪನ್ನು ಕಾಯಿಸಲೇಬೇಡಿ.

ಇನ್ನು ಯಂತ್ರ. ಒಮ್ಮೆ ಓಡಿತು ಎಂಬ ಧೈರ್ಯದಲ್ಲಿ ಮತ್ತೆ ಪ್ಲಗ್ ಹಾಕಬೇಡಿ. ಕರೆಂಟು ಒಳಬರುವ ಮೇನ್ಸ್ ಬದಿಯಲ್ಲಿ ಜೇನುಬಣ್ಣದ, ರಿಫಾ ಎಂಬ ಕಂಪನಿಯ ಕೆಪಾಸಿಟರುಗಳಿದ್ದರೆ ಅವುಗಳ ಹೊದಿಕೆಯಲ್ಲಿ ಬಿರುಕು ಕಾಣುತ್ತದೆ. ಆ ಬಿರುಕಿನಲ್ಲಿ ತೇವ ಇಳಿದು, ಒಳಗಿನ ಕಾಗದ ಕೆಟ್ಟು, ಒಂದು ದಿನ ಕೋಣೆಯಿಡೀ ಹೊಗೆ ತುಂಬುತ್ತದೆ. ಅದೇ ಮೌಲ್ಯದ, ಮೇನ್ಸ್‌ಗೆಂದೇ ಇರುವ ಎಕ್ಸ್2 ಸುರಕ್ಷತಾ ದರ್ಜೆಯ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ. ನಾನು ವಿಮಾ (WIMA) ಕಂಪನಿಯದನ್ನು ಬಳಸುತ್ತೇನೆ. ಎಲೆಕ್ಟ್ರೊಲಿಟಿಕ್ ಬಗೆಯ ಕೆಪಾಸಿಟರ್ ಆದರೆ ನಿಚಿಕಾನ್ ಅಥವಾ ಪ್ಯಾನಾಸೋನಿಕ್, 105 ಡಿಗ್ರಿ ಕಾವು ತಾಳುವಂಥವು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವುದಾದರೆ ನಕಲಿ ಮಾಲಿನ ಬಗ್ಗೆ ಎಚ್ಚರವಿರಲಿ. ಹಿಂಬದಿಯ ವೋಲ್ಟೇಜ್ ಸೆಲೆಕ್ಟರನ್ನು ನೋಡಿಕೊಂಡು, 100 ವ್ಯಾಟಿನ ತಂತಿ ಬಲ್ಬಿನ ಮೂಲಕ ಹಾದೇ ಯಂತ್ರಕ್ಕೆ ಕರೆಂಟು ಹೋಗುವಂಥ ಸೀರೀಸ್ ಬೋರ್ಡಿನ ಮೂಲಕವೇ ಮೊದಲು ಚಾಲು ಮಾಡಿ. ಬಲ್ಬು ಪೂರ್ಣವಾಗಿ ಉರಿದು ಹಾಗೆಯೇ ನಿಂತರೆ ಒಳಗೆಲ್ಲೋ ಶಾರ್ಟ್ ಇದೆಯೆಂದರ್ಥ.

ಹೆಡ್ಡು ಮತ್ತು ಗೈಡುಗಳಿಗೆ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಸ್ಯಾನಿಟೈಸರ್ ಅದಲ್ಲ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ರಬ್ಬರ್ ರೋಲರಿಗೆ ತುಸು ಸೋಪಿನ ನೀರಲ್ಲಿ ಹಿಂಡಿದ ಬಟ್ಟೆ ಸಾಕು. ಹೆಡ್ಡಿನಲ್ಲಿ ಉಳಿದ ಅಯಸ್ಕಾಂತತೆಯನ್ನು ತೆಗೆಯುವ ಡೀಮ್ಯಾಗ್ನೆಟೈಸರ್ ಬಳಸುವಾಗ ಯಂತ್ರ ಆಫ್ ಇರಲಿ, ಸ್ಪೂಲುಗಳು ಬೇರೆ ಕೋಣೆಯಲ್ಲಿರಲಿ. ದೂರದಲ್ಲಿ ಆನ್ ಮಾಡಿ, ನಿಧಾನವಾಗಿ ಹತ್ತಿರ ತಂದು, ಅಷ್ಟೇ ನಿಧಾನವಾಗಿ ಒಂದು ಮೀಟರ್ ಹಿಂದೆ ಸರಿದ ಮೇಲೆ ಆಫ್ ಮಾಡಬೇಕು. ಹೆಡ್ಡಿನ ಬಳಿಯೇ ಆಫ್ ಮಾಡಿದರೆ ಅಯಸ್ಕಾಂತತೆ ಇನ್ನಷ್ಟು ನೆಲೆಗೊಳ್ಳುತ್ತದೆ. ಆಮೇಲೆ ಬೇಡವಾದ ಟೇಪೊಂದನ್ನು ಒಂದು ವಾರ ಓಡಿಸಿ, ಬ್ರೇಕು ಟೇಪನ್ನು ಜಗ್ಗದೆ, ಸಡಿಲವೂ ಬಿಡದೆ ನಿಲ್ಲಿಸುತ್ತದೆಯೇ ಎಂದು ಗಮನಿಸಿ.

ತಂದೆಯವರ ಸ್ಪೂಲನ್ನು ಏರಿಸುವ ದಿನ ಎರಡೂ ಚಾನಲ್ಲಿನ ರೆಕಾರ್ಡ್ ಸ್ವಿಚ್ ಆಫ್ ಆಗಿರಲಿ. ಮೊದಲ ಬಾರಿ ಓಡುವಾಗಲೇ 24 ಬಿಟ್, 96 ಕಿಲೊಹರ್ಟ್ಸ್‌ನಲ್ಲಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಧ್ವನಿ ಮಂಕೆನಿಸಿದರೆ ಅಜಿಮತ್, ಅಂದರೆ ಟೇಪಿಗೆ ಹೆಡ್ಡು ನಿಂತಿರುವ ಕೋನ, ಸರಿಪಡಿಸಬೇಕಾದೀತು; ಎಡದಿಂದ ಮೂರನೆಯದಾದ, ಧ್ವನಿ ಓದುವ ಹೆಡ್ಡಿನ ಸ್ಕ್ರೂವನ್ನಷ್ಟೇ ಮುಟ್ಟಿ, ಮುಟ್ಟುವ ಮೊದಲು ಅದರ ಸ್ಥಾನವನ್ನು ಉಗುರುಬಣ್ಣದಿಂದ ಗುರುತು ಮಾಡಿಕೊಳ್ಳಿ. ಮುಗಿದ ಮೇಲೆ ವೇಗವಾಗಿ ಹಿಂದಕ್ಕೆ ಸುತ್ತದೆ, ಟೇಪಿನ ಕೊನೆ ಹೊರಗಿರುವಂತೆಯೇ ತೆಗೆದಿಡಿ. ಕೋಲಾರಕ್ಕೆ ಬರುವುದಾದರೆ ಡೀಹೈಡ್ರೇಟರೂ ಥರ್ಮಾಮೀಟರೂ ನಮ್ಮಲ್ಲಿವೆ, ಸ್ಪೂಲನ್ನು ಮಾತ್ರ ನೆಟ್ಟಗೆ ನಿಲ್ಲಿಸಿಯೇ ತನ್ನಿ.