ರ ಗ ಸ ದ ಅ: ಒಂದನೇ ತರಗತಿ ಮಗು ಏನು ಓದ್ತಾ ಇದೆ?

ಟೀಚರ್ ಹತ್ತಿರ ಕೇಳಿ

ದಸರಾ ರಜೆ ಹತ್ತಿರ ಬಂತು. ಶಾಲೆಯ ಮೊದಲ ಅವಧಿ ಮುಗಿಯುತ್ತಿದೆ. ಈ ತಿಂಗಳು ನನ್ನ ಕೈ ಸೇರಿದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಕೇಳುವುದು ಒಂದನ್ನೇ: ಜೂನ್‌ನಿಂದ ಇಲ್ಲಿಯವರೆಗೆ ನಮ್ಮ ಮಗು ಕಲಿತದ್ದೇನು? ನಾನು 29 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿದವಳು. ಐದು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ, ಯಾಕೆಂದರೆ ಆ ತಾಯಿ ಕೇಳಿದ್ದನ್ನು ಇನ್ನೂ ಎಷ್ಟೋ ಜನ ಕೇಳಬೇಕು ಅಂದುಕೊಂಡು ಸುಮ್ಮನಿದ್ದಾರೆ.

ನನ್ನ ಮಗ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿ. ನಾಲ್ಕು ತಿಂಗಳಾಯಿತು, ಅ ಆ ಇ ಈ ಪೂರ್ತಿ ಬರುವುದಿಲ್ಲ. ಕೇಳಿದರೆ ‘ರ ಗ ಸ ದ ಅ’ ಅನ್ನುತ್ತಾನೆ. ಖಾಸಗಿ ಶಾಲೆಗೆ ಹೋಗುವ ನನ್ನ ಅಕ್ಕನ ಮಗಳಿಗೂ ಅದೇ ವಯಸ್ಸು. ಅವಳು ಅಷ್ಟೂ ಅಕ್ಷರ ಪಟಪಟ ಹೇಳುತ್ತಾಳೆ. ಇವನಿಗೆ ಹೋಂವರ್ಕ್ ಕೂಡ ಕೊಡುವುದಿಲ್ಲ. ಶಾಲೆ ಬದಲಿಸಬೇಕಾ ಮೇಡಂ?
– ಒಬ್ಬ ತಾಯಿ, ನಂಜನಗೂಡು

ಅವಸರ ಬೇಡಮ್ಮ. ನಿಮ್ಮ ಮಗ ಸರಿಯಾದ ದಾರಿಯಲ್ಲೇ ಇದ್ದಾನೆ.

ಅವನು ಕಲಿಯುತ್ತಿರುವುದು ನಲಿ-ಕಲಿ ಪದ್ಧತಿಯಲ್ಲಿ, ಅಂದರೆ ಕಾರ್ಡು, ಹಾಡು, ಆಟದ ಮೂಲಕ. ಇದು ಶುರುವಾಗಿದ್ದು ನಿಮ್ಮ ಜಿಲ್ಲೆಯಲ್ಲೇ, ಪಕ್ಕದ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ನಮ್ಮ ಮೇಷ್ಟ್ರುಗಳೇ ಯುನಿಸೆಫ್ ನೆರವಿನಿಂದ ಕಾರ್ಡು ಮಾಡಿದರು, ಹಾಡು ಕಟ್ಟಿದರು. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ನಾನು ಕೆಲಸಕ್ಕೆ ಸೇರಿದ್ದು 1996ರಲ್ಲಿ, ಅದೇ ಕೋಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಆ ಕಾರ್ಡುಗಳ ಜೊತೆ ನಾನೂ ಕಲಿತೆ.

ಈಗ ಅಕ್ಷರದ ವಿಷಯ. ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದೇ ‘ರ ಗ ಸ ದ ಅ’ ಅಂತ. ಕನ್ನಡದಲ್ಲಿ 49 ಅಕ್ಷರ. ಮೊದಲ ನಾಲ್ಕು, ಅ ಆ ಇ ಈ, ಕಲಿತ ಮಗು ಎಷ್ಟು ಪದ ಓದಬಹುದು ಹೇಳಿ? ‘ಆ’ ಮತ್ತು ‘ಈ’. ಎರಡೇ. ಅದೇ ರ ಗ ಸ ದ ಅ ಕಲಿತರೆ? ಸರ, ದರ, ಅರಸ, ಅಗಸ, ಗರಗಸ, ದಸರ. ಐದು ಅಕ್ಷರಕ್ಕೆ ಆರು ಪದ ಇಲ್ಲೇ ಸಿಕ್ಕಿತು. ಮುಂದೆ ಜ ವ ಮ ಬ ನ ಬರುತ್ತವೆ. ಆಗ ಮರ, ಜನ, ವನ, ಬಸವ. ಅಕ್ಷರ ಕಲಿತ ವಾರವೇ ಮಗುವಿಗೆ ಓದು ಕೈಗೆ ಸಿಗುತ್ತದೆ. ಇನ್ನೊಂದು ಕಾರಣವೂ ಇದೆ. ಆ, ಇ, ಉ ಪೂರ್ತಿ ರೂಪದಲ್ಲಿ ಬರುವುದು ಹೆಚ್ಚಾಗಿ ಪದದ ಮೊದಲಲ್ಲಿ ಮಾತ್ರ. ಬೇರೆ ಕಡೆ ಅವು ಇಳಿಯಾಗಿ, ಗುಡಿಸಾಗಿ, ಕೊಂಬಾಗಿ ಬೇರೆ ಅಕ್ಷರಕ್ಕೆ ಅಂಟಿಕೊಂಡಿರುತ್ತವೆ. ಹಾಗಾಗಿ ಸ್ವರಗಳನ್ನೆಲ್ಲ ಮೊದಲೇ ಬಾಯಿಪಾಠ ಮಾಡಿದರೂ ಓದುವಾಗ ಅಷ್ಟು ಉಪಯೋಗಕ್ಕೆ ಬರುವುದಿಲ್ಲ.

ಬಾಯಿಪಾಠದ ವಿಷಯದಲ್ಲಿ ನನಗೊಂದು ಹಳೆಯ ನೋವಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಹುಡುಗ ಇಡೀ ಪಾಠವನ್ನು ಒಂದೂ ತಪ್ಪಿಲ್ಲದೆ ಓದುತ್ತಿದ್ದ. ಎಲ್ಲರ ಮುಂದೆ ನಿಲ್ಲಿಸಿ ಓದಿಸುತ್ತಿದ್ದೆ. ಒಂದು ದಿನ ಅವನು ಓದುತ್ತಿದ್ದಾಗ ಗಾಳಿಗೆ ಪುಟ ಮಗುಚಿತು. ಅವನು ನಿಲ್ಲಿಸಲೇ ಇಲ್ಲ, ಹಳೇ ಪುಟದ್ದನ್ನೇ ಹೇಳುತ್ತಾ ಹೋದ. ಅವನಿಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಎಂಟು ತಿಂಗಳು ನಾನು ಅವನ ಬಾಯಿ ನೋಡಿದ್ದೆ, ಕಣ್ಣು ನೋಡಿರಲಿಲ್ಲ. ತಪ್ಪು ನನ್ನದು. ಆಮೇಲೆ ಕಾರ್ಡು ಹಿಡಿದು ಅವನ ಜೊತೆ ಮೊದಲಿಂದ ಕೂತೆ.

ನಾಲ್ಕು ತಿಂಗಳಾಯಿತು ಅಂದಿರಿ. ಈಗ ಒಂದನೇ ತರಗತಿಯಲ್ಲಿ ಮೊದಲ ಮೂರು ತಿಂಗಳು ವಿದ್ಯಾಪ್ರವೇಶ ಇರುತ್ತದೆ. ಅಂದರೆ ಆಟ, ಕತೆ, ಬಣ್ಣ, ಮಣಿ ಪೋಣಿಸುವುದು, ಗೆರೆ ಎಳೆಯುವುದು. ಬೆರಳು ಹದಕ್ಕೆ ಬರಬೇಕಲ್ವಾ? ಅಕ್ಷರ ಶುರುವಾಗಿ ಇನ್ನೂ ಜಾಸ್ತಿ ದಿನ ಆಗಿಲ್ಲ. ಹೋಂವರ್ಕ್ ಇಲ್ಲದಿರುವುದೂ ತಪ್ಪಲ್ಲ. ಎರಡನೇ ತರಗತಿವರೆಗೆ ಹೋಂವರ್ಕ್ ಬೇಡ ಅಂತ 2020ರ ಶಾಲಾ ಬ್ಯಾಗ್ ನೀತಿಯೇ ಹೇಳುತ್ತದೆ.

ಇವತ್ತು ಸಂಜೆ ಹಳೇ ಪೇಪರಿನ ಒಂದು ಹಾಳೆ ಕೊಟ್ಟು, ‘ರ’ ಕಂಡಲ್ಲೆಲ್ಲ ಸುತ್ತು ಹಾಕು ಅನ್ನಿ. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ‘ಗರಗಸ’ ಬರೆದು ಓದಿಸಿ. ಓದಿದನಾ? ಹಾಗಾದರೆ ಅವನು ಓದು ಕಲಿತಿದ್ದಾನೆ. ಅಕ್ಕನ ಮಗಳ ಎದುರಿಗೆ ಮಾತ್ರ ಈ ಪರೀಕ್ಷೆ ಬೇಡ, ಇಬ್ಬರಿಗೂ ಒಳ್ಳೆಯದಲ್ಲ. ಡಿಸೆಂಬರ್ ಹೊತ್ತಿಗೂ ಈ ಐದು ಅಕ್ಷರ ಗುರುತು ಹಿಡಿಯದಿದ್ದರೆ ಟೀಚರ್ ಹತ್ತಿರ ಕೂತು ಮಾತಾಡಿ. ಒಮ್ಮೆ ಕಣ್ಣೂ ತೋರಿಸಿ. ಬೋರ್ಡು ಕಾಣದ ಮಕ್ಕಳನ್ನು ದಡ್ಡರು ಅಂದುಕೊಂಡಿದ್ದನ್ನು ನಾನು ಬಹಳ ಕಡೆ ನೋಡಿದ್ದೇನೆ.

ಮಗಳು ಮೂರನೇ ತರಗತಿ. 42ರಲ್ಲಿ 17 ಕಳೆ ಅಂದರೆ 35 ಬರೆಯುತ್ತಾಳೆ. ದಶಕ ತಗೊಳ್ಳುವುದನ್ನು ನಾನು ಹತ್ತು ಸಲ ಹೇಳಿಕೊಟ್ಟೆ. ಶಾಲೆಯಲ್ಲಿ ಇನ್ನೂ ಕಡ್ಡಿ ಎಣಿಸುತ್ತಾ ಕೂತಿದ್ದಾರೆ. ಹೀಗಾದರೆ ಲೆಕ್ಕ ಬರುವುದು ಯಾವಾಗ?
– ಒಬ್ಬ ತಂದೆ, ಗದಗ

ಸರ್, ಆ 35 ಸುಮ್ನೆ ಬಂದ ತಪ್ಪಲ್ಲ. ನಿಮ್ಮ ಮಗಳು ಯೋಚಿಸಿಯೇ ಬರೆದಿದ್ದಾಳೆ. ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು’ ಅಂತ ನಾವೇ ಹೇಳಿಕೊಟ್ಟಿದ್ದೇವೆ. 7ರಲ್ಲಿ 2 ಹೋದರೆ 5. 4ರಲ್ಲಿ 1 ಹೋದರೆ 3. ಅವಳಿಗೆ 42 ಅನ್ನುವುದು ಒಂದು ಸಂಖ್ಯೆಯಾಗಿ ಕಂಡಿಲ್ಲ, ಅಕ್ಕಪಕ್ಕ ನಿಂತ 4 ಮತ್ತು 2 ಆಗಿ ಕಂಡಿದೆ. ಅದಕ್ಕೇ ಟೀಚರ್ ಕಡ್ಡಿ ಬಿಡುತ್ತಿಲ್ಲ. ಹತ್ತು ಕಡ್ಡಿಗೆ ಒಂದು ಕಟ್ಟು. ನಾಲ್ಕು ಕಟ್ಟು, ಎರಡು ಬಿಡಿ. ಏಳು ಬಿಡಿ ಕೊಡು ಅಂದರೆ ಅವಳ ಹತ್ತಿರ ಎರಡೇ ಇವೆ. ಏನು ಮಾಡುತ್ತಾಳೆ? ಒಂದು ಕಟ್ಟು ಬಿಚ್ಚಲೇಬೇಕು. ಬಿಚ್ಚುವಾಗ ರಬ್ಬರ್ ಬ್ಯಾಂಡ್ ಕೈಯಲ್ಲಿ ಉಳಿಯುತ್ತದಲ್ಲ, ಆಗ ದಶಕ ಅಂದರೆ ಏನು ಅಂತ ಅವಳಿಗೆ ಗೊತ್ತಾಗುತ್ತದೆ.

ಮನೆಯಲ್ಲಿ ದುಡ್ಡು ಇಟ್ಟುಕೊಂಡು ಆಡಿ. ಹತ್ತರ ನಾಲ್ಕು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಅವಳ ಕೈಗೆ ಕೊಡಿ. ನೀವು ಅಂಗಡಿಯವರಾಗಿ. ‘17 ರೂಪಾಯಿ ಆಯ್ತಮ್ಮ’ ಅನ್ನಿ. ಅವಳು ಹತ್ತರ ಒಂದು ನೋಟು ಕೊಟ್ಟು ಚಿಲ್ಲರೆ ಕೇಳಬೇಕು. ಚಿಲ್ಲರೆ ಮಾಡಿಸುವುದು ಅವಳಿಗೆ ಗೊತ್ತಿರುತ್ತದೆ. ದಶಕ ತಗೊಳ್ಳುವುದು ಅಂದರೆ ಅದೇ. ನೀವು ಹತ್ತು ಸಲ ಹೇಳಿದ್ದು ವ್ಯರ್ಥ ಅಂತಲ್ಲ, ಅವಳ ಕೈಗೆ ವಸ್ತು ಸಿಗುವ ಮೊದಲು ಹೇಳಿದ್ದೀರಿ ಅಷ್ಟೇ.

ಇನ್ನೊಂದನ್ನೂ ನೋಡಿ. ‘ನೂರಾ ಐದು’ ಬರಿ ಅನ್ನಿ. ಈ ವಯಸ್ಸಿನ ಬಹಳ ಮಕ್ಕಳು 1005 ಬರೆಯುತ್ತಾರೆ. ನೂರು ಕೇಳಿದರು, 100 ಬರೆದರು. ಐದು ಕೇಳಿದರು, 5 ಬರೆದರು. ನಿಮ್ಮ ಮಗಳೂ ಹಾಗೆ ಬರೆದರೆ ಬೈಯಬೇಡಿ. ಕಳೆಯುವ ಲೆಕ್ಕ ಒಂದು ವಾರ ಬದಿಗಿಟ್ಟು ಬಿಡಿ, ಹತ್ತು, ನೂರು ಇವನ್ನೇ ಆಡಿಸಿ. ಬುಡ ಅಲ್ಲಿದೆ.

ಮೊಮ್ಮಗ ನಾಲ್ಕನೇ ತರಗತಿ. ಒಂದು ವಾರದಿಂದ ‘ತಾತ, ನೀವು ಚಿಕ್ಕವರಿದ್ದಾಗ ನೀರು ಎಲ್ಲಿಂದ ತರುತ್ತಿದ್ದಿರಿ’ ಅಂತ ಕೇಳಿ ಬರೆದುಕೊಳ್ಳುತ್ತಿದ್ದಾನೆ. ನಮ್ಮ ಕಾಲದಲ್ಲಿ ನದಿ, ಬೆಟ್ಟ, ರಾಜಧಾನಿ ಎಲ್ಲ ಬಾಯಿಗೆ ಬರುತ್ತಿತ್ತು. ಇದೂ ಒಂದು ಪಾಠವೇ?
– ತಾತ, ತಿಪಟೂರು

ಪಾಠವೇ, ತಾತನವರೇ. ಪರಿಸರ ಅಧ್ಯಯನ ಅನ್ನುತ್ತಾರೆ. ಈ ಪಾಠಕ್ಕೆ ನೀವೇ ಪುಸ್ತಕ!

ದಯವಿಟ್ಟು ಚುಟುಕಾಗಿ ಉತ್ತರ ಕೊಟ್ಟು ಕಳಿಸಬೇಡಿ. ಬಾವಿ ಇತ್ತು ಅಂದರೆ ಸಾಲದು. ಹಗ್ಗ ಎಷ್ಟು ಮಾರು ಬಿಡುತ್ತಿದ್ದಿರಿ? ಬೇಸಿಗೆಯಲ್ಲಿ ಎಷ್ಟು, ಮಳೆಗಾಲದಲ್ಲಿ ಎಷ್ಟು? ಎರಡು ಕೈ ಚಾಚಿ ಮಾರು ಅಂದರೆ ಎಷ್ಟು ಅಂತ ತೋರಿಸಿ. ಅವನ ಮಾರು ಚಿಕ್ಕದು, ನಿಮ್ಮದು ದೊಡ್ಡದು. ‘ಹಾಗಾದ್ರೆ ಬಾವಿ ಆಳ ಎಷ್ಟು ತಾತ?’ ಅಂತ ಕೇಳುತ್ತಾನೆ. ಮೀಟರ್ ಯಾಕೆ ಬೇಕಾಯಿತು ಅನ್ನುವುದು ಅವನಿಗೆ ಆಗ ತಾನಾಗೇ ತಿಳಿಯುತ್ತದೆ. ತೆಂಗಿನ ತೋಟಕ್ಕೆ ಕಪಿಲೆಯಲ್ಲಿ ನೀರು ಎತ್ತಿದ್ದನ್ನು ನೀವು ನೋಡಿದ್ದರೆ ಅದನ್ನು ಹೇಳಿ: ಎತ್ತು ಹೇಗೆ ಇಳಿಜಾರಿನಲ್ಲಿ ಹೋಗುತ್ತಿತ್ತು, ಚರ್ಮದ ಚೀಲ ಹೇಗೆ ಮೇಲೆ ಬರುತ್ತಿತ್ತು. ಮಣ್ಣಲ್ಲಿ ಗೀಚಿ ತೋರಿಸಿ. ಆಗುವುದಾದರೆ ಆ ಹಳೇ ಬಾವಿಯ ಹತ್ತಿರ ಅವನನ್ನು ಕೈ ಹಿಡಿದು ಕರೆದುಕೊಂಡು ಹೋಗಿ. ಬಾವಿ ಯಾಕೆ ಬತ್ತಿತು, ಕೊಳವೆಬಾವಿ ಯಾವಾಗ ಬಂತು ಅಂತ ಅವನು ಕೇಳೇ ಕೇಳುತ್ತಾನೆ.

ನದಿಗಳ ಹೆಸರೂ ಬರುತ್ತವೆ, ಮುಂದೆ. ಮನೆಯ ಕೊಡದ ನೀರಿನಿಂದ ಹೊರಟ ಹುಡುಗ ಹೇಮಾವತಿ ನಾಲೆವರೆಗೆ ತಾನೇ ಹೋಗುತ್ತಾನೆ. ನಿಮ್ಮೂರಿನ ಕಡೆ ಆ ನೀರು ಎಲ್ಲಿಂದ ಬರುತ್ತದೆ ಅಂತ ಅವನಿಗೆ ಹೇಳಿ.

ಐದನೇ ತರಗತಿ ಮಗನಿಗೆ ಗಣಿತದಲ್ಲಿ ಬಿ ಪ್ಲಸ್ ಬಂದಿದೆ. ಟ್ಯೂಷನ್ ಹಾಕಿಸಲೇ?
– ಓದುಗರು, ದಾವಣಗೆರೆ

ಬಿ ಪ್ಲಸ್ ಅಂದರೆ 50ರಿಂದ 69ರ ಒಳಗೆ. ಆ ಅಕ್ಷರದಿಂದ ನಿಮಗಾಗಲಿ ನನಗಾಗಲಿ ಏನೂ ತಿಳಿಯುವುದಿಲ್ಲ. ಉತ್ತರಪತ್ರಿಕೆ ತೋರಿಸಿ ಅಂತ ಶಾಲೆಯಲ್ಲಿ ಕೇಳಿ. ಎಲ್ಲಿ ತಪ್ಪಿದ್ದಾನೆ ನೋಡಿ: ಮಗ್ಗಿಯಲ್ಲಾ, ಭಿನ್ನರಾಶಿಯಲ್ಲಾ, ಪ್ರಶ್ನೆಯನ್ನು ಓದಿ ಅರ್ಥ ಮಾಡಿಕೊಳ್ಳುವುದರಲ್ಲಾ? ಮೂರಕ್ಕೂ ಮದ್ದು ಬೇರೆ ಬೇರೆ. ನೋಡದೆ ಟ್ಯೂಷನ್‌ಗೆ ಕಳಿಸಿದರೆ ಅವನ ಆಟದ ಸಮಯ ಹೋಗುತ್ತದೆ, ತಪ್ಪು ಹಾಗೇ ಉಳಿಯುತ್ತದೆ.

ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ಮನೆಗೆ ಬರುವಾಗ ರಾತ್ರಿ ಎಂಟು. ನಾನು ಓದಿರುವುದು ನಾಲ್ಕನೇ ಕ್ಲಾಸು, ಈಗ ಅದೂ ಮರೆತಂತೆ ಆಗಿದೆ. ಮಗಳು ಎರಡನೇ ತರಗತಿ. ಬೇರೆ ಮಕ್ಕಳ ಅಮ್ಮಂದಿರು ಹೇಳಿಕೊಡುತ್ತಾರೆ. ನನ್ನಿಂದ ಇವಳಿಗೆ ಏನೂ ಆಗುತ್ತಿಲ್ಲ ಅಂತ ಸಂಕಟ. ರಜೆಯಲ್ಲಿ ಏನು ಮಾಡಿಸಲಿ?
– ಒಬ್ಬ ತಾಯಿ, ಬೆಂಗಳೂರು (ಪಕ್ಕದ ಮನೆಯವರಿಂದ ಬರೆಸಿದ್ದು)

ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ಇದಕ್ಕೆ ಉತ್ತರ ಹೇಳುವ ಮೊದಲು ನನಗೆ ಗೊತ್ತಿರುವ ಒಬ್ಬ ತಾಯಿಯ ವಿಷಯ ಹೇಳುತ್ತೇನೆ.

ನಾನು ಕೊನೆಗೆ ಕೆಲಸ ಮಾಡಿದ ಊರಿನಲ್ಲಿ ಅವರು ಹೂ ಕಟ್ಟಿ ಮಾರುತ್ತಿದ್ದರು. ಸಹಿ ಹಾಕಲೂ ಬರುತ್ತಿರಲಿಲ್ಲ, ಹಾಜರಿ ವಿಷಯಕ್ಕೆ ಕರೆದಾಗ ಹೆಬ್ಬೆಟ್ಟು ಒತ್ತಿದ್ದರು. ಅವರ ಮಗಳು ಎರಡನೇ ತರಗತಿ. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದಳು. ‘ಮನೇಲಿ ಯಾರು ಹೇಳಿಕೊಡ್ತಾರೆ?’ ಅಂದೆ. ‘ಅಮ್ಮ’ ಅಂದಳು. ನನಗೆ ನಂಬಿಕೆ ಬರಲಿಲ್ಲ. ಒಂದು ಸಂಜೆ ಅವರ ಮನೆಗೆ ಹೋದೆ.

ಅಮ್ಮ ನೆಲದ ಮೇಲೆ ಕೂತು ಕನಕಾಂಬರ ಕಟ್ಟುತ್ತಿದ್ದರು. ಮಗಳು ಪಕ್ಕದಲ್ಲಿ ಗೋಡೆಗೆ ಒರಗಿ ಶಾಲೆಯಿಂದ ತಂದ ಕತೆ ಪುಸ್ತಕ ಓದುತ್ತಿದ್ದಳು. ‘ಕರು’ ಅಂತ ಇದ್ದಲ್ಲಿ ಅವಳು ‘ಕಾರು’ ಅಂದಳು. ‘ಹಸು ತನ್ನ ಕಾರು ನೆಕ್ಕಿತು.’ ಅಮ್ಮನ ಕೈ ನಿಂತಿತು. ಪುಸ್ತಕ ನೋಡಲಿಲ್ಲ, ನೋಡಿದರೂ ಗೊತ್ತಾಗುತ್ತಿರಲಿಲ್ಲ. ‘ಹಸು ಯಾಕೆ ಕಾರು ನೆಕ್ತದೆ ಮಗಾ? ಇನ್ನೊಂದ್ಸಲ ನೋಡು’ ಅಂದರು. ಮಗಳು ಬೆರಳಿಟ್ಟು ನೋಡಿದಳು. ಇಳಿ ಇಲ್ಲ. ‘ಕರು’ ಅಂದಳು. ‘ಹ್ಞಾಂ’ ಅಂತ ಅಮ್ಮ ಮತ್ತೆ ಹೂ ಕೈಗೆ ತಗೊಂಡರು. ಇಷ್ಟು ಚೆನ್ನಾಗಿ ತಪ್ಪು ತಿದ್ದುವುದನ್ನು ನಾನು ಯಾವ ತರಬೇತಿಯಲ್ಲೂ ಕಲಿತಿರಲಿಲ್ಲ.

ನೀವೂ ಅದನ್ನೇ ಮಾಡಬಹುದು. ಎಂಟಕ್ಕೆ ಬಂದು ಒಲೆ ಹಚ್ಚುತ್ತೀರಲ್ಲ, ಅನ್ನ ಬೇಯುವ ಹೊತ್ತಿಗೆ ಮಗಳನ್ನು ಅಡುಗೆಮನೆ ಬಾಗಿಲಲ್ಲಿ ಕೂರಿಸಿಕೊಳ್ಳಿ. ಹತ್ತೇ ನಿಮಿಷ. ಅವಳು ಓದಲಿ, ನೀವು ಕತೆ ಕೇಳಿ. ಅರ್ಥ ಆಗದಿದ್ದರೆ ನಿಲ್ಲಿಸಿ, ಕೇಳಿ. ಕತೆ ಮುಗಿದ ಮೇಲೆ ‘ಆಮೇಲೆ ಆ ಹಸು ಏನಾಯ್ತು?’ ಅನ್ನಿ, ಅವಳೇ ಮುಂದೆ ಹೇಳಲಿ. ರಜೆಗೆ ಅಂತ ಬೇರೆ ಪುಸ್ತಕ ಕೊಳ್ಳಬೇಡಿ. ರಜೆಗೆ ಮುಂಚಿನ ಕೊನೆಯ ದಿನ ಟೀಚರ್ ಹತ್ತಿರ ಎರಡು ಕತೆ ಪುಸ್ತಕ ಕೇಳಿ ಪಡೆಯುವಂತೆ ಮಗಳಿಗೆ ಹೇಳಿಕೊಡಿ. ಭಾನುವಾರ ಬಸ್ಸಿನಲ್ಲಿ ಹೋದರೆ ಕಿಟಕಿ ಪಕ್ಕ ಕೂರಿಸಿ, ಅಂಗಡಿ ಬೋರ್ಡುಗಳನ್ನು ಅವಳು ಓದಿ ಹೇಳಲಿ. ನೀವು ಮರೆತ ಅಕ್ಷರ ಬಂದರೆ ‘ಅದು ಯಾವ್ದು, ನಂಗೂ ಹೇಳ್ಕೊಡು’ ಅನ್ನಿ. ಅವಳು ಖುಷಿಯಿಂದ ಹೇಳಿಕೊಡುತ್ತಾಳೆ.

ಮುಂದಿನ ಪತ್ರ ಅವಳ ಕೈಯಲ್ಲೇ ಬರೆಸಿ ಕಳಿಸಿ. ಎರಡು ಸಾಲು ಇದ್ದರೂ ಸಾಕು, ಕಾಯುತ್ತಿರುತ್ತೇನೆ.