ನಿವೃತ್ತ ಪ್ರಾಧ್ಯಾಪಕರನ್ನು ಶಾಲು, ಹಾರಗಳಾಚೆ ಗೌರವಿಸುವುದು ಹೇಗೆ?

ಕನ್ನಡದಲ್ಲೇ ಇದಕ್ಕೆ ಒಳ್ಳೆಯ ಮಾದರಿಯಿದೆ: ಅಭಿನಂದನ ಗ್ರಂಥ. ಬಿ.ಎಂ. ಶ್ರೀಕಂಠಯ್ಯನವರಿಗೆ 1941ರಲ್ಲಿ ಶಿಷ್ಯರು, ಗೆಳೆಯರು ಸೇರಿ 'ಸಂಭಾವನೆ' ಎಂಬ ಗ್ರಂಥ ಅರ್ಪಿಸಿದರು. ಗುರುಗಳ ಹೊಗಳಿಕೆಗಿಂತ ಅವರ ಅಧ್ಯಯನದ ವಿಷಯದಲ್ಲಿ ಹೊಸ ಲೇಖನಗಳನ್ನು ಬರೆಸಿದರೆ ಇಂಥ ಪುಸ್ತಕ ಗ್ರಂಥಾಲಯದಲ್ಲಿ ಉಳಿಯುತ್ತದೆ. ಬರೀ ಸಂದೇಶ, ಫೋಟೊ ತುಂಬಿಸಿದರೆ ಸಮಾರಂಭದ ಮರುದಿನವೇ ಅದು ರದ್ದಿ.

ಹಣ ಸಂಗ್ರಹವಾದರೆ ಅವರ ಹೆಸರಿನಲ್ಲಿ ದತ್ತಿನಿಧಿ ಇಡಿ. ಮೂಲಧನವನ್ನು ಮುಟ್ಟದೆ, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸವನ್ನೋ ವಿದ್ಯಾರ್ಥಿವೇತನವನ್ನೋ ನಡೆಸಬಹುದು.

ಆದರೆ ನನ್ನ ಮಟ್ಟಿಗೆ ದೊಡ್ಡ ಗೌರವವೆಂದರೆ ಕೆಲಸ ಕೊಡುವುದು. ಕಾಲೇಜಿನಿಂದ ನಿವೃತ್ತರಾಗಿದ್ದ ನಿಘಂಟುಕಾರ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಲ್ಲಿ, ಎಪ್ಪತ್ತೇಳರ ಆಸುಪಾಸಿನಲ್ಲಿ, 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂಕಣ ಆರಂಭಿಸಿದರು. ಓದುಗರು ಪದಗಳ ಬಗ್ಗೆ ಕೇಳುತ್ತಿದ್ದರು, ಅವರು ಉತ್ತರಿಸುತ್ತಿದ್ದರು. ತರಗತಿ ಮುಗಿದಿತ್ತು, ಪಾಠ ಮುಗಿದಿರಲಿಲ್ಲ. ಪದ್ಮಶ್ರೀ ಬಂದದ್ದು 2017ರಲ್ಲಿ, ನೂರಮೂರರ ವಯಸ್ಸಿನಲ್ಲಿ! ನಮ್ಮಲ್ಲಿ ಸನ್ಮಾನಕ್ಕೆ ಅವಸರವೇ ಇರುವುದಿಲ್ಲ.

ಸಮಾರಂಭ ಮಾಡಲೇಬೇಕೆಂದಿದ್ದರೆ ಒಂದು ವಿನಂತಿ. ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಭಾಷಣಗಳೆಲ್ಲ ಮುಗಿದು, ಅರ್ಧ ಸಭೆ ಊಟದ ಸಾಲಿಗೆ ಎದ್ದುಹೋದ ಮೇಲೆ ಸನ್ಮಾನಿತರ ಕೈಗೆ ಮೈಕ್ ಕೊಡಬೇಡಿ. ಅವರೇ ಮೊದಲು ಮಾತನಾಡಲಿ, ಅರ್ಧ ಗಂಟೆ. ಅದನ್ನು ಧ್ವನಿಮುದ್ರಿಸಿಕೊಳ್ಳಿ. ಅವರು ಊರಿನಲ್ಲಿ ಶಾಲೆ, ವಾಚನಾಲಯ ಕಟ್ಟಿದ್ದರೆ ಅದರ ಫಲ ಪಡೆದವರೊಬ್ಬರನ್ನೂ ವೇದಿಕೆಗೆ ಕರೆಯಿರಿ. ಸ್ಮರಣಿಕೆಯ ಹಣದಲ್ಲಿ ಆ ವಾಚನಾಲಯಕ್ಕೆ ಪುಸ್ತಕ ಕೊಳ್ಳಬಹುದು. ಷೋಕೇಸಿನಲ್ಲಿ ಹೇಗೂ ಜಾಗವಿರುವುದಿಲ್ಲ.